ಕೊನೆಗೆ ಕಂಡ ಜಾಗ

ನನ್ನ ಪರದೆಯ ಕಡಲಿಗೆ ಉಪ್ಪಿಲ್ಲ.
ಅದರ ಮೇಲೆ ಮೂತಿ ಮುಂದೆ ಮಾಡಿಕೊಂಡ ಕೆಂಪು ತ್ರಿಕೋನಗಳು,
ಎಣ್ಣೆ ಹಡಗುಗಳು.
ಬೆರಳಿಟ್ಟರೆ ಜಾತಕ ಬಿಚ್ಚುತ್ತದೆ:
ಹೆಸರು, ಧ್ವಜ, ವೇಗ, ಎಷ್ಟು ಮೀಟರು ಮುಳುಗಿದೆ,
ಎಲ್ಲಿಗೆ ಹೊರಟದ್ದು.

ರಾತ್ರಿ ಹತ್ತರಿಂದ ಆರರ ತನಕ
ಕೊಯಿಪ್ಪಾಡಿಯ ಈ ಅಡುಗೆಕೋಣೆಯಲ್ಲಿ ಕೂತು
(ನೆಟ್‌ವರ್ಕು ಸಿಗುವುದು ಗ್ರೈಂಡರಿನ ಪಕ್ಕದಲ್ಲಿ ಮಾತ್ರ)
ಫುಜೈರಾದಲ್ಲಿ, ಕೊಲಂಬೋದಲ್ಲಿ ನಿಂತ ಹಡಗುಗಳಿಗೆ
ಎಣ್ಣೆ ಕುಡಿಸುತ್ತೇನೆ.
ಇನ್ನೂರೈವತ್ತು ಟನ್ನು, ಗಂಧಕ ಅರ್ಧ ಶೇಕಡಾ ಮೀರುವಂತಿಲ್ಲ,
ಬಾರ್ಜು ಹೊರಟಿದೆ, ಕ್ಯಾಪ್ಟನ್ ಸಾಹೇಬರೇ, ಪೈಪು ಸಿದ್ಧವಿಡಿ.

ಕೆಲವು ಬಾರ್ಜಿನವರು ಎಣ್ಣೆಗೆ ಗಾಳಿ ಊದುತ್ತಾರಂತೆ.
ನೊರೆ ಉಬ್ಬುತ್ತದೆ. ಅಳತೆಯ ಟೇಪು
ನೊರೆಯನ್ನೂ ಎಣ್ಣೆಯೆಂದೇ ಓದುತ್ತದೆ.
ಮರುದಿನ ಟ್ಯಾಂಕು ಒಂದು ಗೇಣು ಇಳಿದಿರುತ್ತದೆ.
ಇದನ್ನು ಹೇಳಿದಾಗ ಅಪ್ಪ ನಕ್ಕದ್ದು ನೋಡಬೇಕಿತ್ತು:
'ಪರ್ಮಿಟ್ಟಿನ ಸೀಮೆಎಣ್ಣೆಯವನಿಗೆ ಈ ವಿದ್ಯೆ ಕಲಿಸಬೇಡ ಮಾರಾಯ್ತಿ!'

ಎಂಟು ವರ್ಷದಿಂದ ಹಡಗು ಓದುತ್ತೇನೆ. ಒಂದನ್ನೂ ಹತ್ತಿಲ್ಲ.

ದೋಣಿ ಇಳಿಸುವ ಮುಂಚೆ ಅಪ್ಪ ನನ್ನ ಹಿಂದೆ ಬಂದು ನಿಲ್ಲುತ್ತಿದ್ದ.
ಹೊರಗೆ ಹಸೈನಾರಿಚ್ಚ ಟಾರ್ಚು ಆಡಿಸುತ್ತಿದ್ದರು.
'ಇವತ್ತು ಯಾವ ಆನೆ, ಯಾವ ದಾರಿ?'
ಇಪ್ಪತ್ತು ಮೈಲು ಪಡುವಲಿಗೆ ಒಂದು, ಬಡಗಿನಿಂದ ತೆಂಕಿಗೆ,
ಬಲೆ ಈಚೆಗೇ ಬಿಡಿ, ಎನ್ನುತ್ತಿದ್ದೆ.
ಕಂಪೆನಿಗೆ ಗೊತ್ತಿಲ್ಲದ ನನ್ನ ಒಂದೇ ಸರಬರಾಜು.

ಕಳೆದ ತಿಂಗಳ ಒಂದು ಮಂಗಳವಾರ
ಕ್ಯಾಲಿಸ್ಟಾ ಎಂಬುದು ಮಲ್ಪೆಯ ನೇರಕ್ಕೆ ಬಂದು
ಹನ್ನೊಂದು ನಲವತ್ತಕ್ಕೆ ಆರಿಹೋಯಿತು.
ಮುಳುಗಿದ ಹಡಗು ಹೀಗೆ ಆರುವುದಿಲ್ಲ.
ಯಾರೋ ಸ್ವಿಚ್ಚು ಒತ್ತಿದ್ದರು,
ಚಿಟ್‌ಫಂಡಿನವನು ಬಾಗಿಲಿಗೆ ಬಂದಾಗ
ಒಳಗಿನ ದೀಪ ಆರಿಸುವ ಹಾಗೆ.

ನಿಯಮದಂತೆ ಬರೆದೆ: ಕೊನೆಗೆ ಕಂಡ ಜಾಗ,
ಕೊನೆಗೆ ಕಂಡ ಹೊತ್ತು, ವೇಗ ಹನ್ನೆರಡು.
ಆಮೇಲೆ ಲೆಕ್ಕ ಹಾಕಿದೆ. ಹಾಕಬಾರದಿತ್ತು.
ಆ ವೇಗಕ್ಕೆ ನಮ್ಮ ನೇರಕ್ಕೆ ಮೂರೂವರೆ.
ಅಪ್ಪನ ಫೋನು ವ್ಯಾಪ್ತಿಯ ಹೊರಗಿದೆಯೆಂದು
ಮಲಯಾಳದಲ್ಲಿ ಒಬ್ಬ ಹೆಂಗಸು
ಬೆಳಗಾಗುವ ತನಕ ಬೇಸರವಿಲ್ಲದೆ ಹೇಳಿದಳು.

ಏಳಕ್ಕೆ ದೋಣಿ ಬಂತು. ಮೂವರೂ ಬಂದರು.
ಬಲೆ ಅರ್ಧ ಬಂತು.
'ದೀಪವಿಲ್ಲ, ಹಾರ್ನಿಲ್ಲ,' ಎಂದರು ಹಸೈನಾರಿಚ್ಚ,
'ಒಂದೊಂದೇ ನಕ್ಷತ್ರ ಇಲ್ಲದಾಗುತ್ತ ಬಂತು.
ಅಷ್ಟೇ ಗೊತ್ತಾದದ್ದು.
ಆಮೇಲೆ ಅದರ ತೆರೆ.'
ಅಪ್ಪ ಮಾತಾಡದೆ
ಕಡಿದ ಹಗ್ಗದ ತುದಿಯನ್ನು ನನ್ನ ಮೂಗಿನ ಹತ್ತಿರ ಹಿಡಿದ.
ಎಂಟು ವರ್ಷ ಮಾರಿದ ಎಣ್ಣೆಯ ವಾಸನೆ
ನನಗೆ ಸಿಕ್ಕಿದ್ದು ಅವತ್ತೇ ಮೊದಲು.

ಠಾಣೆಯಲ್ಲಿ ಹಡಗಿನ ಹೆಸರು ಕೇಳಿದರು. ಕೊಟ್ಟೆ.
ಕಂಪ್ಯೂಟರು ನೋಡಿ, ನನ್ನ ಕಡೆಗೇ ತಿರುಗಿಸಿ ತೋರಿಸಿದರು:
ಆ ಹೊತ್ತಿಗೆ ಆ ಜಾಗದಲ್ಲಿ ಯಾವ ಹಡಗೂ ಇರಲಿಲ್ಲ.
ಅದೇ ನಕಾಶೆ. ಅದೇ ಉಪ್ಪಿಲ್ಲದ ನೀಲಿ.
ಅರ್ಜಿ ಮಲಯಾಳದಲ್ಲಿ, ಪರದೆ ಇಂಗ್ಲಿಷಿನಲ್ಲಿ,
ಹೊರಗೆ ಬಂದು ಅಪ್ಪ ಬೈದದ್ದು ತುಳುವಿನಲ್ಲಿ.
ಕನ್ನಡವೊಂದು ಉಳಿದಿತ್ತು, ಇದಕ್ಕೆ.

ಶುಕ್ರವಾರ ಕ್ಯಾಲಿಸ್ಟಾ ಕೊಲಂಬೋದ ಹೊರಗೆ
ಮುಖ ತೊಳೆದುಕೊಂಡು ಮತ್ತೆ ಹೊತ್ತಿಕೊಂಡಿತು.
ಬೇಡಿಕೆ ನನ್ನ ಮೇಜಿಗೇ ಬಂತು, ನಾನ್ನೂರು ಟನ್ನು.
ಬಾರ್ಜು ಹೊರಟಿದೆ, ಕ್ಯಾಪ್ಟನ್ ಸಾಹೇಬರೇ, ಪೈಪು ಸಿದ್ಧವಿಡಿ.
ಅದರ ಕೆಳಗೆ ಇನ್ನೊಂದು ಸಾಲು ಬರೆದೆ.
ಅಳಿಸಿದೆ. ಕಳಿಸಿದೆ.

ಈಗ ಅಪ್ಪ ನನ್ನ ಹಿಂದೆ ಬಂದು ನಿಲ್ಲುವುದಿಲ್ಲ.
ದೋಣಿಯ ಹತ್ತಿರ ಹೋಗಿ
ಹಸೈನಾರಿಚ್ಚನಿಗೆ ಟಾರ್ಚು ಆರಿಸಲು ಹೇಳಿ
ಸ್ವಲ್ಪ ಹೊತ್ತು
ಪಡುವಣದ ನಕ್ಷತ್ರ ಎಣಿಸುತ್ತಾನೆ.