ಹದಿನೇಳನೆಯ ಹಲ್ಲು

ಬಟ್ಟಲಿನ ಅಂಚಿಗೆ ಚಿತ್ತಾರ ಕೊರೆಯುವ ಚಕ್ರ,
ಅಂಗಡಿಯಲ್ಲಿ ಎಪ್ಪತ್ತೆರಡು ಪೌಂಡು.
ಪಕ್ಕದ ಮನೆಯ ಸ್ಟ್ಯಾನಿಫೋರ್ತ್ ನಕ್ಕ ನಗೆಗೆ
ಬಿಸ್ಕತ್ತಿನ ಪುಡಿ ಉದುರಿತು ಸ್ವೆಟರಿನ ಮೇಲೆ:
"ಶೆಫೀಲ್ಡಿನಲ್ಲಿ ಕೂತು ಉಕ್ಕು ಕೊಳ್ಳುತ್ತೀಯಾ, ತಾಯಿ?"

ಮಾರನೆಯ ಬೆಳಿಗ್ಗೆ ಹೊಸ್ತಿಲಲ್ಲಿ ಹಾಲಿನ ಬಾಟಲಿ,
ಅದಕ್ಕೊರಗಿ, ಪೇಪರಿನಲ್ಲಿ ಸುತ್ತಿದ ಹಳೆಯ ಅರ.
ಮೂವತ್ತೆಂಟು ವರ್ಷ ಇಂಥವಕ್ಕೇ ಹಲ್ಲು ಕಡಿದವನು.
ಈಗ ಆ ಕಾರ್ಖಾನೆಯಲ್ಲಿ ಹಗ್ಗ ಕಟ್ಟಿಕೊಂಡು
ಹುಡುಗರು ಗೋಡೆ ಹತ್ತುತ್ತಾರೆ.

ಅರದ ಉಕ್ಕು ಸಿಡುಕು, ಬಿದ್ದರೆ ಗಾಜು.
ತುಕ್ಕು ತಿಕ್ಕಿ ಬೆಳ್ಳಗೆ ಮಾಡಿ ಓವನ್ನಿನಲ್ಲಿಟ್ಟೆ,
ಇನ್ನೂರು ಡಿಗ್ರಿ, ಎರಡು ಗಂಟೆ.
ಎಳೆಪಾಕ ಹಿಡಿದು ಪಳಗಿದ ಕಣ್ಣು ನನ್ನದು;
ಗೋಧಿ ಬಣ್ಣ ಬಂದದ್ದೇ ತೆಗೆದೆ.
ನೀಲಿಗೆ ಹೋದರೆ ಪಾಕವೂ ಇಲ್ಲ, ಹದವೂ ಇಲ್ಲ.

ತುದಿಯನ್ನು ಸಾಣೆಗೆ ಕೊಟ್ಟು ಅಚ್ಚು ಮಾಡಿದೆ.
ಮಗನ ಸ್ಕೇಟ್‌ಬೋರ್ಡಿನ ಬೇರಿಂಗ್ ಕೂತಿತು
(ಅವನಿಗಿನ್ನೂ ಹೇಳಿಲ್ಲ).
ಮೊದಲು ಹಾಕಿದ್ದು ಅಲಾರಂ ಗಡಿಯಾರದ ಹಿತ್ತಾಳೆ ಚಕ್ರ:
ಮರ ಮುಟ್ಟಿದ ಮೊದಲ ಸುತ್ತಿಗೇ ಬೊಚ್ಚುಬಾಯಿ.
ಆಮೇಲೆ ದಪ್ಪ ವಾಷರು, ಮುಮ್ಮೂಲೆ ಅರ,
ಇಪ್ಪತ್ತನಾಲ್ಕು ಹಲ್ಲು, ಒಂದೊಂದೇ, ಉಸಿರು ಬಿಗಿಹಿಡಿದು.
ಹದಿನೇಳಕ್ಕೆ ಬಂದಾಗ ಕರೆಗಂಟೆ ಬಾರಿಸಿತು,
ಕೈ ಜಾರಿತು.

ಹಿಡಿಗೆ ಆಶ್ ಮರ, ರಿವೆಲಿನ್ ಕಣಿವೆಯಲ್ಲಿ
ರೋಗ ಬಡಿದು ಕಡಿದುಹಾಕಿದ್ದು.
ಬಟ್ಟಲೂ ಅದೇ ದಿಮ್ಮಿಯದು.
ಕೊಡಲಿ ಕಾವು ಕುಲಕ್ಕೆ ಮೃತ್ಯು
ಅಂತ ನಮ್ಮಲ್ಲೊಂದು ಗಾದೆ, ಎಂದೆ ಸ್ಟ್ಯಾನಿಫೋರ್ತ್‌ಗೆ,
ಅರ್ಥ ಬಿಡಿಸಿ, ಅರ್ಧ ಕೈಸನ್ನೆಯಲ್ಲಿ.
ಅವನು ತುಸು ಯೋಚಿಸಿದ:
"ಹಾಗಾದರೆ ಕಾವು ಬಿಗಿಯಾಗಿ ಹಿಡಿ."

ಬಿಗಿಯಾಗಿಯೇ ಹಿಡಿದೆ.
ಲೇತ್ ನಿಧಾನಕ್ಕೆ ತಿರುಗಿತು, ಚಕ್ರ ಅಂಚಿಗೆ ತಾಗಿತು,
ಜೀರುಂಡೆಯಂತೆ ಕಿರ್ರೆಂದಿತು ನೆಲಮಾಳಿಗೆ,
ಒಂದೇ ಸುತ್ತು, ತೆಗೆದುಬಿಟ್ಟೆ.
ಎಳ್ಳು ಸುರಿದಂತೆ ಚುಕ್ಕಿಯ ಸಾಲು.

ಮುದುಕ ಕನ್ನಡಕ ಹಾಕಲಿಲ್ಲ.
ಹೆಬ್ಬೆರಳು ಓಡಿಸಿದ ಅಂಚಿನುದ್ದಕ್ಕೂ,
ಅರ ಬಲ್ಲ ಬೆರಳು,
ಒಂದು ಕಡೆ ನಿಂತಿತು. ಮುಂದೆ ಮತ್ತೆ ನಿಂತಿತು.
"ಇಲ್ಲಿ ಯಾರು?"

ಪೋಸ್ಟ್‌ಮ್ಯಾನ್, ಎಂದೆ.
ಒಂಬತ್ತು ಸಲ ಬಂದು ಹೋಗಿದ್ದಾನೆ.