ಬೋರ್ಡು ಓದುವಷ್ಟು ನಿಧಾನ

ಎಬನೇಸರನ ಕಾಯಿದೆ ಒಂದೇ:
ಗಾಡಿ ಡ್ಯೂಟಿ ಮೇಲಿರಬೇಕು.
ಡಿಪೋದಲ್ಲಿ ಮೈ ತೊಳೆಸಿಕೊಳ್ಳುತ್ತ ನಿಂತದ್ದು ಬೇಡ,
ಗುಜರಿಗೆ ಹೊರಟದ್ದು ಬೇಡ,
ಹಾರ ಹಾಕಿಸಿಕೊಂಡು ಮಂತ್ರಿಗೆ ಕಾಯುವ ಹೊಸ ಬಸ್ಸಂತೂ
ಬೇಡವೇ ಬೇಡ.
ಒಳಗೆ ಟಿಕೇಟು ಹರಿದಿರಬೇಕು,
ಯಾರಾದರೂ ಒಬ್ಬರಿಗೆ ಎಲ್ಲಿಗೋ ತಡವಾಗಿರಬೇಕು.
ಆಗ ಅದು ಪಟ.

ನನ್ನದು ಬಾಣಸವಾಡಿಯಲ್ಲಿ ಔಷಧಿ ಅಂಗಡಿ.
ಒಂಬತ್ತಕ್ಕೆ ಆ ಶಟರು ಎತ್ತುವ ಮುಂಚೆ
ಈ ಶಟರಿಗೆ ಎರಡು ಗಂಟೆ.
ಮನೆಯಲ್ಲಿ ಮೊದಲ ವರ್ಷ ವಾಕಿಂಗ್ ಅಂತಲೇ ಹೇಳಿದ್ದೆ.
ತೂಕ ಇಳಿಯಲಿಲ್ಲ, ಸಿಕ್ಕಿಬಿದ್ದೆ.

ಹಳೇ ತಗಡಿನ ಬೋರ್ಡು ಎಷ್ಟೋ ವಾಸಿ.
ಬರೆದವನ ಕೈ ಎಲ್ಲಿ ನಡುಗಿತ್ತು ಅನ್ನುವುದೂ ಕಾಣುತ್ತಿತ್ತು.
ಈಗಿನದು ದೀಪದ ಅಕ್ಷರ.
ಒಂದೇ ಸಮ ಉರಿಯುತ್ತಿದೆ ಅಂತ ಕಣ್ಣು ನಂಬುತ್ತದೆ,
ಅದು ಆರಿ ಹತ್ತಿ, ಆರಿ ಹತ್ತಿ
ನಮ್ಮನ್ನು ಯಾಮಾರಿಸುತ್ತಿರುತ್ತದೆ.
ಸೆಕೆಂಡನ್ನು ಐನೂರು ಚೂರು ಮಾಡಿ ಒಂದರಲ್ಲಿ ಹಿಡಿದರೆ
ಬಸ್ಸು ಕಲ್ಲಿನ ಹಾಗೆ ನಿಂತುಬಿಡುತ್ತದೆ,
ಗಾಲಿಯ ನಟ್ಟು ಎಣಿಸಬಹುದು;
ಬೋರ್ಡಿನಲ್ಲಿ ಮಾತ್ರ ಹೊಸಕೋಟೆ ಬರೀ ‘ಸಕೋ’.
ನೂರೇ ಚೂರು ಮಾಡಿದರೆ
ಹೊಸಕೋಟೆ ಪೂರ್ತಿ ಬರುತ್ತದೆ,
ಬಸ್ಸು ಕದಡಿದ ಅಂಬಲಿ.
ಏನು ಹೋಯಿತು ಅಂತ ಬೇಕೋ,
ಎಲ್ಲಿಗೆ ಹೋಯಿತು ಅಂತ ಬೇಕೋ?
ಕ್ಯಾಮೆರಾ ಎರಡನ್ನೂ ಕೊಡುವುದಿಲ್ಲ.

ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಒಮ್ಮೆ
ಡ್ರೈವರು ಹೊನ್ನಗಂಗಪ್ಪ ಕಿಟಕಿಯಿಂದ ಅರ್ಧ ಹೊರಗೆ ಬಂದು
‘ಏನ್ ಸ್ವಾಮಿ, ಕಂಪ್ಲೇಂಟಾ?
ಸ್ಟಾಪಿಂದ ಹತ್ತಡಿ ಮುಂದೆ ನಿಲ್ಸಿದ್ದಕ್ಕಾ?’
ಅಲ್ಲ, ಸುಮ್ಮನೆ, ಅಂದೆ.
‘ಸುಮ್ಮನೆ ಯಾರು ತೆಗೀತಾರೆ ಬಸ್ಸಿನ ಫೋಟೋ?’
ಹದಿನೆಂಟು ವರ್ಷದ ಸರ್ವೀಸಂತೆ,
ಸ್ಟೀರಿಂಗ್ ಮುಂದೆ ಕೂತ ಪಟ ಒಂದೂ ಇಲ್ಲವಂತೆ.
ಹಿಂದೆ ಹಾರ್ನೋ ಹಾರ್ನು,
ಕಂಡಕ್ಟರಮ್ಮ ಸೀಟಿ ಊದಿ ಊದಿ ಸುಸ್ತು,
ಅವನು ಜೇಬಿನಿಂದ ಬಾಚಣಿಗೆ ತೆಗೆದು
ಇದ್ದಷ್ಟು ಕೂದಲನ್ನು ಸಮಾಧಾನವಾಗಿ ಬಾಚಿ
‘ಈಗ ಹೊಡೀರಿ’ ಅಂದ.
ಹನ್ನೊಂದು ಸಾವಿರ ಪಟಗಳಲ್ಲಿ
ನನಗೋಸ್ಕರ ನಿಂತ ಬಸ್ಸು ಅದೊಂದೇ.
ಎಬನೇಸರ್ ನೋಡಿ, ‘ಇದು ಮದುವೆ ಫೋಟೋ’ ಅಂದ.

ಎಬನೇಸರನ ಅಪ್ಪ ಜೋಲಾರಪೇಟೆಯಲ್ಲಿ ಪಾಯಿಂಟ್ಸ್‌ಮನ್.
ಹಸಿರು ಬಾವುಟದ ಬಟ್ಟೆಯಲ್ಲೇ ಇವನಿಗೆ ಮೂಗು ಒರೆಸಿದ್ದರಂತೆ.
ಇವನಿಗೆ ಬೇಕಾದದ್ದು ಒಂದೇ ಚೌಕಟ್ಟು:
ಕೆ.ಆರ್. ಪುರದ ತೂಗುಸೇತುವೆ ಮೇಲೆ ಬಸ್ಸು,
ಅದರ ಕೆಳಗೆ ರೈಲು,
ಅದರ ಮೇಲೆ ವಿಮಾನ,
ಮೂರೂ ಒಟ್ಟಿಗೆ, ಮೂರೂ ಡ್ಯೂಟಿ ಮೇಲೆ.
ಹನ್ನೊಂದು ವರ್ಷ ಕಾದ.
ರೈಲು ಬಂದರೆ ಮೋಡ,
ವಿಮಾನ ಬಂದರೆ ಬರೀ ಸಿಮೆಂಟ್ ಲಾರಿ,
ಮೂರೂ ಬರುವ ಹಾಗಿದ್ದ ದಿನ
ಮುಂದೆ ಬಂದು ನಿಂತ ಎಳನೀರು ಗಾಡಿ.

ಹೋದ ಮಾರ್ಗಶಿರದಲ್ಲಿ ಒಂದು ಮಂಗಳವಾರ
ಏಳೂ ಇಪ್ಪತ್ತಕ್ಕೆ ಬಿಸಿಲು ಕೇಬಲ್ಲುಗಳ ಮೇಲೆ ಬಿತ್ತು.
ಬಂಗಾರಪೇಟೆ ಕಡೆಯಿಂದ ಲೋಕಲ್ಲು,
ಬಾಗಿಲಲ್ಲಿ ಜೋತುಬಿದ್ದ ಟಿಫನ್ ಚೀಲಗಳು.
ಮೇಲೆ ಒಂದು ವಿಮಾನ, ಗಾಲಿ ಮಡಚಿಕೊಳ್ಳುತ್ತಿದ್ದಂತೆ ಕಂಡಿತು.
ನಡುವೆ, ಯಾರೋ ಕರೆದು ಹೇಳಿದ ಹಾಗೆ,
ನೀಲಿ ಬಸ್ಸು.

ಎಬನೇಸರನ ಉಸಿರು ನಿಂತದ್ದು ನನಗೆ ಕೇಳಿಸಿತು.
ಆಮೇಲೆ ಕ್ಯಾಮೆರಾ ಎದೆಗೆ ಇಳಿಯಿತು.
ಬೋರ್ಡು ನೋಡು, ಅಂದ.
‘ಘಟಕಕ್ಕೆ’ ಅಂತಿತ್ತು.
ರಾತ್ರಿ ಪಾಳಿ ಮುಗಿಸಿದ ಖಾಲಿ ಬಸ್ಸು,
ಡಿಪೋಗೆ, ಮಲಗಲಿಕ್ಕೆ.

ಟೀ ಕುಡಿದೆವು. ದುಡ್ಡು ಅವನೇ ಕೊಟ್ಟ.
ನಾಳೆ ಸಿಗುತ್ತೆ ಬಿಡು ಅಂದ,
ನಾಳೆ ಅನ್ನುವುದು ಟೈಮ್‌ಟೇಬಲ್ಲಿನಲ್ಲಿ
ಅಚ್ಚಾಗಿರುವ ಹಾಗೆ.

ನಾನು ಒತ್ತಿದ್ದೆ.
ಅವನಿಗೆ ಇನ್ನೂ ಹೇಳಿಲ್ಲ.
ನೂರು ಚೂರಿನಲ್ಲಿ ಒಂದು:
ರೈಲು ಒಂದು ಗೀಟು, ವಿಮಾನ ಒಂದು ಕಲೆ,
ಸೇತುವೆ ಮೇಲೆ ಒಂದಿಷ್ಟು ನೀಲಿ.
ಬೋರ್ಡು ಮಾತ್ರ
ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟ.