ಹದಿನೈದು ಪೌಂಡ್ ಗಾಳಿ

ಸೀಲೈನಿನಲ್ಲಿ ಡಾಂಬರು ಮುಗಿಯುವ ಕಡೆ ನನ್ನ ಕೆಲಸ ಶುರು.
ಬಿಳಿ ಲ್ಯಾಂಡ್ ಕ್ರೂಸರುಗಳು ಬಂದು ನಿಲ್ಲುತ್ತವೆ,
ನಾನು ಮಂಡಿಯೂರಿ ಒಂದೊಂದೇ ಟೈರಿನ ಗಾಳಿ ಬಿಡುತ್ತೇನೆ,
ಮೂವತ್ತೈದರಿಂದ ಹದಿನೈದು ಪೌಂಡಿಗೆ.
ಬಿಗಿದ ಚಕ್ರ ಇಲ್ಲಿ ಹೂತುಹೋಗುತ್ತದೆ,
ತುಸು ಸೋತು ಚಪ್ಪಟೆಯಾದದ್ದು ದಿಬ್ಬ ಹತ್ತುತ್ತದೆ.
ಕಲಿಸಿದವನು ಸುಡಾನಿನ ಇದ್ರೀಸ್.
ಅವನಿಗೆ ಅರಬಿ, ನನಗೆ ಕುಂದಾಪ್ರ,
ನಡುವೆ ಗೇಜಿನ ಮುಳ್ಳು.

ಪ್ರವಾಸಿಗಳಿಗೆ ಮೊದಲು ಒಂಟೆ.
ಕೆಂಪು ಗೊಂಡೆ, ಬೆನ್ನ ಮೇಲೆ ಕಂಬಳಿ, ಬಾಯಿಗೆ ಬಲೆ.
ಅದು ಹಿಂಗಾಲೆತ್ತಿ ಏಳುವಾಗ ಎಲ್ಲರೂ ಒಂದೇ ದನಿಯಲ್ಲಿ ಕಿರುಚುತ್ತಾರೆ,
ಜರ್ಮನಿಯವರೂ, ಜಪಾನಿನವರೂ.
ಆಮೇಲೆ ತೊಗಲ ಟೊಪ್ಪಿ ಹಾಕಿದ ಗಿಡುಗದ ಜೊತೆ ಫೋಟೊ.
ಅದಕ್ಕೆ ನಾವ್ಯಾರೂ ಕಾಣುವುದಿಲ್ಲ.

ಒಮ್ಮೆ ಖೋರಿನ ಹತ್ತಿರ ಗಾಡಿ ಹೂತಿತೆಂದು
ಇದ್ರೀಸ್ ನನ್ನನ್ನೂ ಕೂರಿಸಿಕೊಂಡ.
ಕೊನೆಯ ದಿಬ್ಬದ ನೆತ್ತಿಯಲ್ಲಿ ಬಾನೆಟ್ಟು ಮೂಗು ತಗ್ಗಿಸಿತು,
ಕೆಳಗೆ ಕಡಲು.
ತೆಂಗಿಲ್ಲ, ಕಲ್ಲಿನ ಗೋಡೆಯಿಲ್ಲ, ದೋಣಿ ಎಳೆದ ಗುರುತಿಲ್ಲ,
ಹೊಯ್ಗೆಯ ಗುಡ್ಡ ನೇರ ನೀರಿಗೇ ಕಾಲು ಇಳಿಬಿಟ್ಟು ಕೂತಿತ್ತು.
ಆಚೆ ಸೌದಿ, ಅಂದ ಇದ್ರೀಸ್. ಪೆನ್ಸಿಲಿನ ಒಂದು ಗೀಟು.
ಈಚೆ ತೆಳುನೀರಿನಲ್ಲಿ ಒಂಟಿಕಾಲಿನ ಗುಲಾಬಿ ಹಕ್ಕಿಗಳು,
ಮೀನು ಮಾರುಕಟ್ಟೆಗೆ ಬೇಗ ಬಂದ ಹೆಂಗಸರ ಹಾಗೆ
ಬುಟ್ಟಿ ಇನ್ನೂ ಇಳಿಸದೆ.

ಹೊಯ್ಗೆ. ನನಗೆ ಬೇರೆ ಪದ ಬರುವುದಿಲ್ಲ.
ಶಾಲೆಯ ಪುಸ್ತಕದಲ್ಲಿ ಮರಳು ಅಂತಿತ್ತು,
ಹಿಂತಿರುಗು ಅಂತಲೂ ಅರ್ಥ, ಎಂದಿದ್ದರು ಮೇಷ್ಟ್ರು.
ಗಂಗೊಳ್ಳಿಯ ಹೊಯ್ಗೆಗೆ ಆ ಎರಡನೇ ಅರ್ಥ ಇರಲಿಲ್ಲ,
ರಾತ್ರಿ ಲಾರಿ ಹತ್ತಿದರೆ ಮುಗಿಯಿತು.

ಇಲ್ಲಿಯದು ತಾನಾಗಿ ನಡೆಯುತ್ತದೆ.
ಗುಡ್ಡ ಮುಂದೆ ಸರಿದ ಮೇಲೆ ಬೆನ್ನ ಕಡೆ
ಯಾವ ಚಳಿಗಾಲದ್ದೋ ಡೇರೆಯ ಗೂಟ,
ಯಾವ ಮಗುವಿನದೋ ನೀಲಿ ಚಪ್ಪಲಿ, ಒಂದೇ.
ಇದ್ರೀಸ್ ಅದನ್ನೆತ್ತಿ ಕೊಡವಿ
ಡ್ಯಾಶ್‌ಬೋರ್ಡಿನ ಮೇಲಿಟ್ಟ. ಇನ್ನೂ ಇದೆ.

ಸಂಜೆ ಎಲ್ಲರೂ ವಾಪಸು. ಕಂಪ್ರೆಸರು ಕೆಮ್ಮುತ್ತದೆ,
ಮತ್ತೆ ಮೂವತ್ತೈದು, ಮತ್ತೆ ಡಾಂಬರು.
ಮೊನ್ನೆ ಶುಕ್ರವಾರ ಹಿಂದಿನ ಎಡ ಚಕ್ರಕ್ಕೆ ಗಾಳಿ ಹಿಡಿದಿದ್ದೆ,
ಬಾಗಿಲು ತೆರೆದು ಒಬ್ಬಾಕೆ ಮಗಳಿಗೆ ಗದರಿದಳು:
‘ಕಾಲ್ ಕೊಡವ್ ಹೆಣೆ, ಹೊಯ್ಗೆ ಒಳ್ಗ್ ಬತ್ತ್.’

ನಾನು ತಲೆಯೆತ್ತಲಿಲ್ಲ.
ಮುಳ್ಳು ನೋಡಿದರೆ ಮೂವತ್ತೆಂಟಾಗಿತ್ತು.
ಉಗುರಿನಿಂದ ಒತ್ತಿ ಬಿಟ್ಟೆ
ಮೂರು ಪೌಂಡ್, ನಿಧಾನಕ್ಕೆ.